ಹೊರಗೆ ನಿಂತು ಕಾಯುವ ಹೊತ್ತು

ಪೊರಕೆಯ ಸದ್ದಿನಿಂದ ಆ ಸಿನಿಮಾ ಶುರುವಾಗುತ್ತದೆ. ಇನ್ನೂ ಪೂರ್ತಿ ಬೆಳಗಾಗಿಲ್ಲ. ಟೋಕಿಯೋದ ಹಳೆಯ ಬಡಾವಣೆಯೊಂದರಲ್ಲಿ ಯಾರೋ ರಸ್ತೆ ಗುಡಿಸುತ್ತಿದ್ದಾರೆ. ಆ ಸರ್ ಸರ್ ಸದ್ದಿಗೆ ಒಬ್ಬ ಮನುಷ್ಯ ಕಣ್ಣು ಬಿಡುತ್ತಾನೆ. ಅಲಾರಂ ಇಲ್ಲ. ಹಾಸಿಗೆ ಮಡಚುತ್ತಾನೆ. ಹಲ್ಲುಜ್ಜುತ್ತಾನೆ, ಮೀಸೆ ಕತ್ತರಿಸಿಕೊಳ್ಳುತ್ತಾನೆ. ಪುಟ್ಟ ಕುಂಡಗಳಲ್ಲಿರುವ ಸಸಿಗಳಿಗೆ ನೀರು ಚಿಮುಕಿಸುತ್ತಾನೆ. ಬಾಗಿಲು ತೆಗೆದು, ಆಕಾಶ ನೋಡಿ, ಸಣ್ಣಗೆ ನಗುತ್ತಾನೆ. ಮನೆ ಮುಂದಿನ ಯಂತ್ರಕ್ಕೆ ನಾಣ್ಯ ಹಾಕಿ ಡಬ್ಬಿ ಕಾಫಿ ತಗೊಂಡು, ನೀಲಿ ವ್ಯಾನ್ ಹತ್ತಿ, ಕ್ಯಾಸೆಟ್ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾನೆ.

ಅವನ ಕೆಲಸ ಸಾರ್ವಜನಿಕ ಶೌಚಾಲಯ ತೊಳೆಯುವುದು.

ಮರುದಿನವೂ ಇದೇ. ಅದರ ಮರುದಿನವೂ ಇದೇ. ಕಥೆ ಯಾವಾಗ ಶುರುವಾಗುತ್ತದೆ ಅಂತ ಕಾಯುತ್ತಾ ಕೂತವರಿಗೆ ಅರ್ಧ ಗಂಟೆಯ ಹೊತ್ತಿಗೆ ಗೊತ್ತಾಗುತ್ತದೆ, ಕಥೆ ಆಗಲೇ ನಡೀತಾ ಇದೆ ಅಂತ.

'ಪರ್ಫೆಕ್ಟ್ ಡೇಸ್' 2023ರ ಸಿನಿಮಾ. ಕಥೆ ನಡೆಯುವುದು ಜಪಾನಿನಲ್ಲಿ, ಮಾತು ಜಪಾನಿ, ಆದರೆ ನಿರ್ದೇಶಕರು ಜರ್ಮನಿಯ ವಿಮ್ ವೆಂಡರ್ಸ್. ಆಸ್ಕರ್‌ಗೆ ಜಪಾನ್ ತನ್ನ ದೇಶದ ಪರವಾಗಿ ಇದನ್ನೇ ಕಳಿಸಿತು. ಹಿರಾಯಾಮಾ ಎಂಬ ಆ ಮನುಷ್ಯನ ಪಾತ್ರ ಮಾಡಿದವರು ಕೋಜಿ ಯಾಕುಶೋ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅವರ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ನಟನಾಗುವ ಮೊದಲು ಅವರು ಟೋಕಿಯೋದ ಒಂದು ವಾರ್ಡ್ ಕಚೇರಿಯಲ್ಲಿ ನೌಕರಿಯಲ್ಲಿದ್ದರು. 'ಯಾಕುಶೋ' ಅಂದರೆ ಜಪಾನಿ ಭಾಷೆಯಲ್ಲಿ ಸರ್ಕಾರಿ ಕಚೇರಿ ಅಂತಲೇ ಅರ್ಥ. ಅವರ ಗುರುಗಳು ಆ ನೌಕರಿಯ ನೆನಪಿಗೆ ಅದೇ ಹೆಸರು ಇಟ್ಟರಂತೆ.

ಒಂದು ವರ್ಷದಲ್ಲಿ ಈ ಸಿನಿಮಾವನ್ನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಮುಗಿದಾಗ ಮನಸ್ಸು ಹಗುರಾಗಿತ್ತು. ಮೂರು ಸಲವೂ ಸ್ವಲ್ಪ ಹೊತ್ತಾದ ಮೇಲೆ ಏನೋ ಒಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಕಾಡತೊಡಗಿತು. ಇಷ್ಟಪಟ್ಟಿದ್ದು ಸುಳ್ಳಲ್ಲ. ಕಾಡಿದ್ದೂ ಸುಳ್ಳಲ್ಲ.

ಇಷ್ಟವಾದದ್ದನ್ನು ಮೊದಲು ಹೇಳುತ್ತೇನೆ.

ಹಿರಾಯಾಮಾ ಕೆಲಸ ಮಾಡುವ ರೀತಿ. ಕಮೋಡಿನ ಅಂಚಿನ ಕೆಳಗೆ ಕಣ್ಣಿಗೆ ಬೀಳದ ಜಾಗ ಇರುತ್ತದಲ್ಲ, ಅದನ್ನು ನೋಡಲು ಅವನು ಒಂದು ಪುಟ್ಟ ಕನ್ನಡಿ ಇಟ್ಟುಕೊಂಡಿದ್ದಾನೆ. ಕನ್ನಡಿ ಹಿಡಿದು, ಬಗ್ಗಿ, ನೋಡಿ, ಮತ್ತೆ ಉಜ್ಜುತ್ತಾನೆ. ಅವನ ಜೊತೆಯ ಹುಡುಗ ತಕಾಶಿಗೆ ಇದು ಅರ್ಥವೇ ಆಗುವುದಿಲ್ಲ. ಹೇಗಿದ್ದರೂ ಮತ್ತೆ ಗಲೀಜಾಗುತ್ತಲ್ಲ, ಯಾಕಿಷ್ಟು ಕಷ್ಟಪಡ್ತೀರಾ ಅನ್ನುತ್ತಾನೆ. ಹಿರಾಯಾಮಾ ಉತ್ತರ ಕೊಡುವುದಿಲ್ಲ. ಉಜ್ಜುತ್ತಲೇ ಇರುತ್ತಾನೆ. ನಿಜ ಹೇಳಬೇಕೆಂದರೆ, ಒಬ್ಬ ಮನುಷ್ಯ ಟಾಯ್ಲೆಟ್ ತೊಳೆಯುವುದನ್ನು ಇಷ್ಟು ಹೊತ್ತು, ಇಷ್ಟು ಗಮನ ಇಟ್ಟು ನಾನು ಯಾವ ಪರದೆ ಮೇಲೂ ನೋಡಿರಲಿಲ್ಲ.

ಮತ್ತೆ ಬಿಸಿಲು. ಮಧ್ಯಾಹ್ನ ಗುಡಿಯ ಅಂಗಳದ ಬೆಂಚಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾನೆ. ತಲೆ ಎತ್ತಿ ಮರ ನೋಡುತ್ತಾನೆ. ಜೇಬಿನಿಂದ ರೀಲ್ ಹಾಕುವ ಹಳೆಯ ಕ್ಯಾಮೆರಾ ತೆಗೆದು ಒಂದು ಫೋಟೋ ತೆಗೆಯುತ್ತಾನೆ. ಎಲೆಗಳ ಸಂದಿಯಿಂದ ಬೀಳುವ, ಗಾಳಿಗೆ ಅಲುಗಾಡುವ ಬೆಳಕಿಗೆ ಜಪಾನಿಯಲ್ಲಿ 'ಕೊಮೊರೆಬಿ' ಅನ್ನುತ್ತಾರೆ. ನಮ್ಮಲ್ಲಿ ಸಂದಿಯಿಂದ ಇಳಿಯುವ ಬೆಳಕಿಗೆ ಬಿಸಿಲುಕೋಲು ಅನ್ನುತ್ತೇವೆ. ಸಾಗರದ ಹತ್ತಿರ ಅಪ್ಪನ ಊರಿನ ಮನೆಗೆ ಒಂದು ಗಾಜಿನ ಹೆಂಚು ಇತ್ತು. ಅದರಿಂದ ಇಳಿದ ಬಿಸಿಲುಕೋಲು ಅಡುಗೆಮನೆಯ ನೆಲದ ಮೇಲೆ ಒಂದು ಬಿಲ್ಲೆಯಷ್ಟು ಬೆಳಕು ಚೆಲ್ಲುತ್ತಿತ್ತು. ಅದು ಒಲೆಯ ಹತ್ತಿರ ಬಂತು ಅಂದರೆ ಅಜ್ಜಿ ಅನ್ನಕ್ಕೆ ಇಡುತ್ತಿದ್ದರು. ಆ ಮನೆ ಈಗಿಲ್ಲ. ಹಿರಾಯಾಮಾ ತಲೆ ಎತ್ತಿದಾಗಲೆಲ್ಲ ನನಗೆ ಆ ಬಿಲ್ಲೆ ನೆನಪಾಗುತ್ತದೆ. ಹಾಗಾಗಿ ಈ ಸಿನಿಮಾ ನನಗೆ ಬರೀ ಸಿನಿಮಾ ಅಲ್ಲ. ನನ್ನದೇ ಏನೋ ಅದರಲ್ಲಿದೆ.

ಅವನು ಮಾತಾಡುವುದು ತೀರ ಕಡಿಮೆ. ಮಾತಾಡದೆಯೇ ಎಷ್ಟೋ ನಡೆಯುತ್ತದೆ. ಒಂದು ಶೌಚಾಲಯದ ಗೋಡೆ ಸಂದಿಯಲ್ಲಿ ಯಾರೋ ಒಂದು ಚೀಟಿ ಸಿಕ್ಕಿಸಿರುತ್ತಾರೆ. ಅದರಲ್ಲಿ ನಾವೆಲ್ಲ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಆಡುತ್ತಿದ್ದ ಸೊನ್ನೆ-ಗುಣಿಸು ಆಟದ ಚೌಕ. ಇವನೊಂದು ಗುರುತು ಹಾಕಿ ಇಡುತ್ತಾನೆ. ಮರುದಿನ ಆ ಕಡೆಯವರದೊಂದು. ಆಟ ಮುಗಿದ ದಿನ 'ಥ್ಯಾಂಕ್ಯೂ' ಅಂತ ಬರೆದಿರುತ್ತದೆ. ಯಾರು ಅಂತ ನಮಗೂ ಗೊತ್ತಾಗುವುದಿಲ್ಲ, ಅವನಿಗೂ.

ಅವನ ಹೆಸರೂ ಸುಮ್ನೆ ಇಟ್ಟಿದ್ದಲ್ಲ. ಜಪಾನಿನ ಹಿಂದಿನ ತಲೆಮಾರಿನ ನಿರ್ದೇಶಕ ಯಾಸುಜಿರೋ ಓಜು ಅವರ 'ಟೋಕಿಯೋ ಸ್ಟೋರಿ' ಸಿನಿಮಾದ (1953) ಆ ವೃದ್ಧ ದಂಪತಿಯ ಮನೆತನದ ಹೆಸರೂ ಹಿರಾಯಾಮಾ. ಓಜು ಅಂದರೆ ವೆಂಡರ್ಸ್‌ಗೆ ಎಷ್ಟು ಪ್ರೀತಿ ಅಂದರೆ, 1985ರಲ್ಲೇ ಅವರನ್ನು ಹುಡುಕಿಕೊಂಡು ಹೋದ ಹಾಗೆ ಟೋಕಿಯೋದಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದ್ದರು. ದೊಡ್ಡ ದುಃಖವನ್ನು ಚಹಾ ಲೋಟ ಕೆಳಗಿಡುವಷ್ಟು ಮೆಲ್ಲಗೆ ಹೇಳುವುದು ಓಜು ಅವರ ದಾರಿ. ಈ ಸಿನಿಮಾ ಹಿಡಿದದ್ದೂ ಅದೇ ದಾರಿ.

ಆದರೆ ಮೊದಲ ಸಲ ನೋಡಿದಾಗಲೇ ಒಂದು ದೃಶ್ಯದಲ್ಲಿ ನನ್ನ ಮನಸ್ಸು ಸಿನಿಮಾ ಬಿಟ್ಟು ಹೊರಗೆ ಹೋಯಿತು. ಅದು ಮುಖ್ಯವಾದ ದೃಶ್ಯವೇನಲ್ಲ. ಹಿರಾಯಾಮಾ ಒಳಗೆ ತೊಳೆಯುತ್ತಿದ್ದಾನೆ. ಯಾರೋ ಅವಸರದಲ್ಲಿ ನುಗ್ಗುತ್ತಾರೆ. ಅವನು ಮಾತಿಲ್ಲದೆ ಸಾಮಾನು ಎತ್ತಿಕೊಂಡು ಹೊರಗೆ ಬರುತ್ತಾನೆ. ಗೋಡೆ ಪಕ್ಕ ನಿಂತು ಕಾಯುತ್ತಾನೆ. ಕಾಯುತ್ತಾ ಎಲೆಗಳ ನೆರಳು ನೋಡುತ್ತಾನೆ. ಅವನ ಮುಖದಲ್ಲಿ ಒಂದು ನಗು.

ನಮ್ಮ ಆಫೀಸಿನ ನಾಲ್ಕನೇ ಮಹಡಿಯಲ್ಲೂ ಇದೇ ನಡೆಯುತ್ತದೆ. ದಿನಕ್ಕೆ ಎಷ್ಟೋ ಸಲ. ನಾನು ವಾಶ್‌ರೂಮಿನ ಬಾಗಿಲು ತಳ್ಳಿದರೆ ಹೌಸ್‌ಕೀಪಿಂಗ್ ಅಕ್ಕ ಮಾಪ್ ಹಿಡಿದುಕೊಂಡು ಹೊರಗೆ ಬರುತ್ತಾರೆ. ಕಾರಿಡಾರಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಮರ ಇಲ್ಲ. ಕಿಟಕಿಯೂ ಇಲ್ಲ. ಟ್ಯೂಬ್‌ಲೈಟು, ಬಿಳಿ ಗೋಡೆ, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಅಂತ ತೋರಿಸುವ ಒಂದು ಬೋರ್ಡು. ನಾನು ಹೊರಗೆ ಬಂದಾಗ ಒಂದು ನಗು ಕೊಡುತ್ತೇನೆ. ಅವರೂ ಕೊಡುತ್ತಾರೆ. ಐದು ವರ್ಷದಿಂದ ನಮ್ಮ ನಡುವೆ ಇಷ್ಟೇ.

ಸಿನಿಮಾ ನೋಡಿದ ಮರುವಾರ ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಅಕ್ಕ, ಹಿಂಗೆ ಹೊರಗೆ ನಿಂತು ಕಾಯ್ತೀರಲ್ಲ, ಆಗ ಏನ್ ಯೋಚನೆ ಮಾಡ್ತಿರ್ತೀರಾ?"

ಅವರಿಗೆ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. ಒಂದು ಕ್ಷಣ ನನ್ನ ಮುಖ ನೋಡಿದರು. "ಏನ್ ಯೋಚನೆ ಮೇಡಂ? ಒಳಗಿರೋರು ಬೇಗ ಆಚೆ ಬಂದ್ರೆ ಸಾಕು ಅಂತ. ಇನ್ನೂ ಎರಡು ಫ್ಲೋರ್ ಇದೆ ನಂಗೆ. ಹನ್ನೊಂದಕ್ಕೆ ಸೂಪರ್‌ವೈಸರ್ ಬರ್ತಾರೆ, ಶೀಟಲ್ಲಿ ಸೈನ್ ಆಗಿರ್ಬೇಕು."

ಬಾಗಿಲ ಹಿಂದೆ ನೇತಾಡುವ ಆ ಹಾಳೆಯನ್ನು ಅಲ್ಲಿಯ ತನಕ ನಾನು ಓದಿಯೇ ಇರಲಿಲ್ಲ. ಗಂಟೆಗೊಂದು ಸಾಲು. ಪ್ರತಿ ಸಾಲಿನಲ್ಲೂ ಅವರ ಸಹಿ.

ಎರಡನೇ ಸಲ ಸಿನಿಮಾ ನೋಡಿದಾಗ ಈ ಹಾಳೆ ನನ್ನ ಕಣ್ಣ ಮುಂದೆ ಇತ್ತು. ಮೊದಲ ಸಲ ಕಾಣದ್ದೆಲ್ಲ ಆಗ ಕಾಣತೊಡಗಿತು. ಮೊದಲನೆಯದು, ಆ ಶೌಚಾಲಯಗಳು. ಅವು ಟೋಕಿಯೋದ ಸಾಮಾನ್ಯ ಶೌಚಾಲಯಗಳಲ್ಲ. ಶಿಬುಯಾ ವಾರ್ಡಿನಲ್ಲಿ 'ದಿ ಟೋಕಿಯೋ ಟಾಯ್ಲೆಟ್' ಎಂಬ ಯೋಜನೆಯಲ್ಲಿ ಕಟ್ಟಿದ 17 ಶೌಚಾಲಯಗಳು. ತಡಾವೊ ಆಂಡೊ, ಕೆಂಗೊ ಕುಮಾ, ಶಿಗೆರು ಬಾನ್, ಟೊಯೊ ಇಟೊ ಅಂಥ ಹೆಸರಾಂತ ವಾಸ್ತುಶಿಲ್ಪಿಗಳೂ ಸೇರಿ 16 ಮಂದಿ ವಿನ್ಯಾಸ ಮಾಡಿದ್ದು. ಅವುಗಳ ಮೇಲೆ ಕೆಲವು ಕಿರುಚಿತ್ರ ಮಾಡಿಕೊಡಿ ಅಂತ ವೆಂಡರ್ಸ್ ಅವರನ್ನು ಕರೆದರು. ಅವರು ಹೋಗಿ ನೋಡಿ, ಕಿರುಚಿತ್ರ ಬೇಡ, ಒಂದು ಪೂರ್ತಿ ಸಿನಿಮಾನೇ ಮಾಡ್ತೀನಿ ಅಂದರು. ಅಂದರೆ ಮೊದಲು ಬಂದದ್ದು ಕಟ್ಟಡ. ತೊಳೆಯುವ ಮನುಷ್ಯ ಆಮೇಲೆ ಬಂದ.

ಇದು ಗೊತ್ತಾದ ಮೇಲೆ ಆ ನೆಲ ಯಾಕೆ ಯಾವಾಗಲೂ ಹೊಳೆಯುತ್ತದೆ ಅಂತ ಅರ್ಥವಾಯಿತು. ಎರಡು ಗಂಟೆಯ ಸಿನಿಮಾದಲ್ಲಿ ಹಿರಾಯಾಮಾ ದಿನವಿಡೀ ಟಾಯ್ಲೆಟ್ ತೊಳೆಯುತ್ತಾನೆ. ಆದರೆ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸುವ ಒಂದು ಚಿತ್ರವೂ ಇಲ್ಲ. ಒಂದಿಷ್ಟು ಕಾಗದದ ಉಂಡೆ ಬಿದ್ದಿರುತ್ತದೆ, ಅಷ್ಟೇ. ವಾಂತಿ ಇಲ್ಲ, ರಕ್ತ ಇಲ್ಲ, ಕಟ್ಟಿಕೊಂಡ ಪೈಪ್ ಇಲ್ಲ. ಸಂಯಮ ಅನ್ನೋದು ಈ ಸಿನಿಮಾದ ದೊಡ್ಡ ಗುಣ, ಒಪ್ಪುತ್ತೇನೆ. ಆದರೆ ಇಲ್ಲಿ ಅದು ಸಂಯಮವೋ, ಕಣ್ಣು ಆಚೆ ತಿರುಗಿಸುವುದೋ? ಎರಡನೇ ಸಲ ನನಗೆ ಬೇರೆ ಮಾಡಿ ಹೇಳಲು ಆಗಲಿಲ್ಲ.

ಎರಡನೆಯದು, ಅವನ ತಂಗಿ. ಮನೆ ಬಿಟ್ಟು ಬಂದ ಸೋದರ ಸೊಸೆ ನಿಕೊ ಕೆಲವು ದಿನ ಹಿರಾಯಾಮಾನ ಜೊತೆ ಇರುತ್ತಾಳೆ. ಅವನ ಜೊತೆ ಕೆಲಸಕ್ಕೂ ಹೋಗುತ್ತಾಳೆ. ಅವಳನ್ನು ಕರೆದುಕೊಂಡು ಹೋಗಲು ಅಮ್ಮ ಬರುತ್ತಾಳೆ, ಡ್ರೈವರ್ ಇರುವ ದೊಡ್ಡ ಕಾರಿನಲ್ಲಿ. "ನೀನು ನಿಜವಾಗ್ಲೂ ಟಾಯ್ಲೆಟ್ ತೊಳೀತಾ ಇದ್ದೀಯಾ?" ಅಂತ ಕೇಳುತ್ತಾಳೆ. ಅವನು ತಲೆ ಆಡಿಸುತ್ತಾನೆ. ಅಪ್ಪನಿಗೆ ಈಗ ಏನೂ ತಿಳಿಯಲ್ಲ, ಮೊದಲಿನ ಹಾಗೆ ಇಲ್ಲ, ಒಂದ್ಸಲ ಹೋಗಿ ನೋಡು ಅನ್ನುತ್ತಾಳೆ. ಅವನು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸುತ್ತಾನೆ. ತಂಗಿಯನ್ನು ಅಪ್ಪಿಕೊಳ್ಳುತ್ತಾನೆ. ಕಾರು ಹೋದ ಮೇಲೆ ಅಳುತ್ತಾನೆ. ಅಪ್ಪ ಏನು ಮಾಡಿದ್ದ? ಸಿನಿಮಾ ಹೇಳುವುದೇ ಇಲ್ಲ. ಹೇಳದೇ ಇದ್ದದ್ದಕ್ಕೆ ಆ ಅಳು ಅಷ್ಟು ತಾಗುತ್ತದೆ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಇಷ್ಟವಾದ ದೃಶ್ಯ ಇದೇ.

ನನ್ನ ತಕರಾರು ಹುಟ್ಟುವುದೂ ಇದೇ ದೃಶ್ಯದಲ್ಲಿ. ಆ ಕಾರು ನೋಡಿದ ತಕ್ಷಣ ನಮಗೆ ಗೊತ್ತಾಗುತ್ತದೆ, ಹಿರಾಯಾಮಾ ಈ ಕೆಲಸಕ್ಕೆ ಬಿದ್ದವನಲ್ಲ, ಬಂದವನು. ಅವನ ಹಿಂದೆ ಒಂದು ದೊಡ್ಡ ಮನೆ ಇದೆ. ಅವನು ರಾತ್ರಿ ಅಮೆರಿಕದ ಕಾದಂಬರಿಕಾರ ಫಾಕ್ನರ್‌ನನ್ನು ಓದುತ್ತಾನೆ. ಅವನ ವ್ಯಾನಿನಲ್ಲಿ ಲೂ ರೀಡ್, ಪ್ಯಾಟಿ ಸ್ಮಿತ್, ಓಟಿಸ್ ರೆಡ್ಡಿಂಗ್ ಹಾಡುತ್ತಾರೆ. ಆ ಕ್ಯಾಸೆಟ್‌ಗಳು ಹಿರಾಯಾಮಾನಿಗಿಂತ ಜಾಸ್ತಿ ವೆಂಡರ್ಸ್ ಅವರವು ಅಂತ ನನಗೆ ಅನ್ನಿಸುತ್ತದೆ. ಅವನ ಮೌನ ಅವನೇ ಆರಿಸಿಕೊಂಡದ್ದು. ನಾಲ್ಕನೇ ಮಹಡಿಯ ಅಕ್ಕನ ಮೌನ ಅಂಥದ್ದಲ್ಲ. ಅವರು ಕಾರಿಡಾರಿನಲ್ಲಿ ಜೋರಾಗಿ ಮಾತಾಡಬಾರದು, ನಮ್ಮ ಕ್ಯಾಂಟೀನಿನಲ್ಲಿ ಕೂತು ಉಣ್ಣಬಾರದು ಅಂತ ಯಾರೋ ಹೇಳಿದ್ದಾರೆ. ಹಾಗಾಗಿ ಮೆಟ್ಟಿಲ ಕೆಳಗೆ ಉಣ್ಣುತ್ತಾರೆ. ಇದು ನನಗೆ ಗೊತ್ತಿತ್ತು. ಐದು ವರ್ಷದಿಂದ ಗೊತ್ತಿತ್ತು.

ನಮ್ಮಲ್ಲಿ ಈ ಕೆಲಸವನ್ನು ಯಾರೂ ಆರಿಸಿಕೊಳ್ಳಲಿಲ್ಲ, ಜಾತಿ ಆರಿಸಿತು. ಜಪಾನಿಗೂ ಇದು ಪೂರ್ತಿ ಹೊಸದಲ್ಲ. ಅಲ್ಲೂ ಹೆಣ, ತೊಗಲು, ಕಸಾಯಿ ಕೆಲಸದವರನ್ನು ಊರಾಚೆ ಇಟ್ಟು ಮೈಲಿಗೆ ಅಂದಿದ್ದರು. 1871ರಲ್ಲಿ ಕಾನೂನಿನಲ್ಲಿ ಆ ಭೇದ ತೆಗೆದರೂ 'ಬುರಾಕುಮಿನ್' ಎಂಬ ಗುರುತು ಅವರ ಮಕ್ಕಳು ಮೊಮ್ಮಕ್ಕಳ ಬೆನ್ನು ಬಿಡಲಿಲ್ಲ. ಸಿನಿಮಾ ಆ ಕಡೆ ಹೋಗುವುದೇ ಇಲ್ಲ. ಹೋಗಲೇಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಒಬ್ಬ ಶ್ರೀಮಂತರ ಮನೆಯ ಮಗನನ್ನು ಆರಿಸಿಕೊಂಡು, ಅವನ ಕೈಗೆ ಪೊರಕೆ ಕೊಟ್ಟು, ನೋಡಿ ಎಷ್ಟು ನೆಮ್ಮದಿ ಅಂದರೆ, ನಮ್ಮ ಊರಿನಿಂದ ನೋಡುವವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ ಅಲ್ವಾ?

ಆ ಹೊತ್ತಿಗೆ ನನಗೆ ಸವಣೂರು ನೆನಪಾಯಿತು. 2010ರ ಜುಲೈ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಮಲ ಹೊರುವ ಕೆಲಸಕ್ಕೆ ಬಿದ್ದ ಭಂಗಿ ಸಮುದಾಯದವರು, ತಾವಿದ್ದ ಜಾಗದಿಂದ ಎಬ್ಬಿಸಲು ಹೊರಟಿದ್ದನ್ನು ವಿರೋಧಿಸಿ, ಎಲ್ಲರ ಎದುರಿಗೆ ಮಲವನ್ನು ತಮ್ಮ ತಲೆ ಮೇಲೆ ಸುರಿದುಕೊಂಡರು. ಮಲ ಹೊರುವುದನ್ನು ಕರ್ನಾಟಕದಲ್ಲಿ 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಿದ್ದರು. 1993ರಲ್ಲಿ ಸಂಸತ್ತು ಮಾಡಿದ ಕಾನೂನೂ ಬಂದಿತ್ತು. ಆದರೂ 2010ರಲ್ಲಿ ತಮ್ಮ ಮಾತು ಕೇಳಿಸಲು ಅವರಿಗೆ ಉಳಿದಿದ್ದ ದಾರಿ ಅದೊಂದೇ ಆಗಿತ್ತು. ಪತ್ರಿಕೆಯಲ್ಲಿ ಆ ಫೋಟೋ ನೋಡಿ ನಾನು ಪುಟ ಮಡಚಿ ಇಟ್ಟಿದ್ದೆ. ಅವರ ನೋವು ಮೆಲ್ಲಗೆ ಹೇಳುವ ಹಂತ ದಾಟಿಹೋಗಿತ್ತು. ಮೆಲ್ಲಗೆ ಹೇಳಿದ್ದರೆ ನಾವು ಕೇಳುತ್ತಲೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಸಿನಿಮಾದ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಎರಡು ಜಾಗದಲ್ಲಿ ಅದು ನನ್ನ ಎಲ್ಲ ತಕರಾರಿಗೂ ಮೊದಲೇ ಉತ್ತರ ಬರೆದಿಟ್ಟ ಹಾಗಿದೆ.

ಒಂದು, ದಾರಿ ತಪ್ಪಿದ ಮಗುವಿನ ದೃಶ್ಯ. ಶೌಚಾಲಯದೊಳಗೆ ಒಂದು ಪುಟ್ಟ ಹುಡುಗ ಅಳುತ್ತಾ ಕೂತಿರುತ್ತಾನೆ. ಹಿರಾಯಾಮಾ ಅವನ ಕೈ ಹಿಡಿದು ಅಮ್ಮನನ್ನು ಹುಡುಕಿಕೊಂಡು ಹೊರಡುತ್ತಾನೆ. ಅಮ್ಮ ಸಿಗುತ್ತಾಳೆ. ಇವನ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲು ಮಾಡುವ ಕೆಲಸ, ಒದ್ದೆ ಟಿಶ್ಯೂ ತೆಗೆದು ಇವನು ಹಿಡಿದಿದ್ದ ಆ ಪುಟ್ಟ ಕೈಯನ್ನು ಒರೆಸುವುದು. ಮಗು ಮಾತ್ರ ಹಿಂದೆ ತಿರುಗಿ ಕೈ ಬೀಸುತ್ತದೆ. ಹಿರಾಯಾಮಾ ನಗುತ್ತಾನೆ. ಆ ನಗು ಸಮಾಧಾನದ ನಗು ಅಂತ ಮೊದಲ ಸಲ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ. ಅಭ್ಯಾಸದ ನಗುವೂ ಇರಬಹುದು.

ಇನ್ನೊಂದು, ತಕಾಶಿ ಹೇಳದೆ ಕೇಳದೆ ಕೆಲಸ ಬಿಡುವ ದಿನ. ಅವತ್ತು ಇಬ್ಬರ ಕೆಲಸವೂ ಹಿರಾಯಾಮಾನ ತಲೆ ಮೇಲೆ. ಹೊತ್ತು ಮುಳುಗುತ್ತದೆ, ಕತ್ತಲಾಗುತ್ತದೆ, ಅವನು ಇನ್ನೂ ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದಾನೆ. ಮರ ನೋಡುವುದಿಲ್ಲ. ಫೋಟೋ ಇಲ್ಲ. ಸ್ನಾನದ ಮನೆಗೆ ಹೋಗಿ ಬಿಸಿನೀರಿನಲ್ಲಿ ಕೂರುವುದಿಲ್ಲ. ಕಚೇರಿಗೆ ಫೋನ್ ಮಾಡಿ ಗದರುತ್ತಾನೆ, ದಿನಾ ಹೀಗೆ ನನ್ನಿಂದ ಆಗುವುದಿಲ್ಲ, ಯಾರನ್ನಾದರೂ ಕಳಿಸಿ ಅಂತ. ಇಡೀ ಸಿನಿಮಾದಲ್ಲಿ ಅವನು ಸಿಟ್ಟಾಗುವುದು ಅಲ್ಲಿ ಮಾತ್ರ. ಒಂದೇ ಒಂದು ದಿನ ಕೆಲಸ ಎರಡರಷ್ಟಾದರೆ ಸಾಕು, ಅಷ್ಟೂ ನೆಮ್ಮದಿ ಎಲ್ಲಿಗೋ ಹೋಗುತ್ತದೆ. ವೆಂಡರ್ಸ್‌ಗೆ ಇದು ಗೊತ್ತಿತ್ತು. ಅದನ್ನು ಐದು ನಿಮಿಷದಲ್ಲಿ ತೋರಿಸಿ ಮುಂದೆ ಹೋದರು. ಮರುದಿನ ಹೊಸಬಳೊಬ್ಬಳು ಬರುತ್ತಾಳೆ, ಚೆನ್ನಾಗಿ ಕೆಲಸ ಮಾಡುತ್ತಾಳೆ, ಎಲ್ಲ ಸರಿಹೋಗುತ್ತದೆ. ನನಗೆ ಆ ರಾತ್ರಿ ಇನ್ನೂ ಸ್ವಲ್ಪ ಬೇಕಿತ್ತು. ನಮ್ಮ ಅಕ್ಕನಿಗೆ ಪ್ರತಿದಿನವೂ ಆ ದಿನವೇ. ಫೋನ್ ಮಾಡಿ ಗದರಿದರೆ ನಾಳೆಯಿಂದ ಬರಬೇಡಿ ಅಂತಾರೆ. ಬೆಂಗಳೂರಿನ ಪೌರಕಾರ್ಮಿಕರು 2022ರ ಜುಲೈಯಲ್ಲಿ ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಕೂತಾಗ ಸಾವಿರಾರು ಜನ ಒಟ್ಟಿಗೆ ಕೂರಬೇಕಾಯಿತು. ಒಬ್ಬೊಬ್ಬರೇ ಕೇಳಿದ್ದರೆ ಯಾರು ಕಿವಿಗೊಡುತ್ತಿದ್ದರು?

ಮೂರನೇ ಸಲ ನೋಡಿದ್ದು ಅಮ್ಮನ ಜೊತೆ. ಇದು ನಾನು ಅಂದುಕೊಂಡಿದ್ದಲ್ಲ. ಹಬ್ಬಕ್ಕೆ ಬಂದಿದ್ದರು. ರಾತ್ರಿ ಊಟ ಆದ ಮೇಲೆ ಏನಾದ್ರೂ ಹಾಕು, ಕಿರುಚಾಟ ಇಲ್ಲದ್ದು ಹಾಕು ಅಂದರು. ಇದಕ್ಕಿಂತ ಕಿರುಚಾಟ ಇಲ್ಲದ ಸಿನಿಮಾ ನನ್ನ ಹತ್ತಿರ ಇರಲಿಲ್ಲ.

ಅಮ್ಮನಿಗೆ ಜಪಾನಿ ಬರುವುದಿಲ್ಲ, ಇಂಗ್ಲಿಷ್ ಅಕ್ಷರ ಅಷ್ಟು ಬೇಗ ಓದಲು ಆಗುವುದಿಲ್ಲ. ಆದರೆ ಈ ಸಿನಿಮಾಕ್ಕೆ ಅದು ಅಷ್ಟೊಂದು ಬೇಕಾಗಲಿಲ್ಲ. ಕನ್ನಡಿ ಹಿಡಿದು ನೋಡುವುದನ್ನು ಕಂಡು ತಲೆದೂಗಿದರು. ಅವನು ಸಸಿಯನ್ನು ಕಾಗದದ ಪೊಟ್ಟಣದಲ್ಲಿ ಎತ್ತಿಕೊಂಡು ಬರುವಾಗ, "ಬೇರಿಗೆ ಮಣ್ಣು ಇರ್ಲಿ ಅಂತ ನೋಡು ಎಷ್ಟು ಜೋಪಾನ" ಅಂದರು. ಶಿಗೆರು ಬಾನ್ ಮಾಡಿದ ಗಾಜಿನ ಶೌಚಾಲಯ ಬಂತು. ಹೊರಗಿನಿಂದ ಒಳಗೆಲ್ಲ ಕಾಣುತ್ತದೆ, ಚಿಲಕ ಹಾಕಿದರೆ ಮಾತ್ರ ಗಾಜು ಮಂಜಾಗುತ್ತದೆ. ಒಳಗೆ ಹೋಗುವ ಮೊದಲೇ ಚೊಕ್ಕವಾಗಿದೆಯಾ, ಯಾರಾದರೂ ಇದ್ದಾರಾ ಅಂತ ಕಾಣಲಿ ಎಂದು ಹಾಗೆ ಮಾಡಿದ್ದು ಅಂತ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಮಗುವಿನ ಕೈ ಒರೆಸುವ ದೃಶ್ಯ ಬಂದಾಗ ನಾಲಿಗೆ ಲೊಚಗುಟ್ಟಿದರು. ಆಮೇಲೆ ತುಂಬಾ ಹೊತ್ತು ಸುಮ್ಮನಾದರು.

ಕೊನೆಯಲ್ಲಿ ನೀನಾ ಸಿಮೋನ್ ಹಾಡುತ್ತಾರೆ, ಹಿರಾಯಾಮಾ ವ್ಯಾನ್ ಓಡಿಸುತ್ತಿರುತ್ತಾನೆ, ಬೆಳಗಿನ ಬಿಸಿಲು ಮುಖದ ಮೇಲೆ. ಕ್ಯಾಮೆರಾ ಆ ಮುಖ ಬಿಟ್ಟು ಅಲ್ಲಾಡುವುದಿಲ್ಲ. ಅವನು ನಗುತ್ತಾನೆ. ಕಣ್ಣು ತುಂಬುತ್ತದೆ. ಮತ್ತೆ ನಗುತ್ತಾನೆ. ಸುಖವೋ ದುಃಖವೋ ಅಂತ ಎಲ್ಲರೂ ಕೇಳುವ ಜಾಗ ಅದು. ಮೂರು ಸಲ ನೋಡಿದರೂ ನನಗೆ ಗೊತ್ತಾಗಿಲ್ಲ, ಗೊತ್ತಾಗುವುದು ಬೇಡ ಅಂತಲೂ ಅನ್ನಿಸುತ್ತದೆ. ಅಷ್ಟು ಚೆನ್ನಾಗಿದೆ ಅದು.

ಟಿವಿ ಆರಿಸಿದೆ. ಅಮ್ಮ ಎದ್ದು ಹೋಗಲಿಲ್ಲ. ಅವರು ಬೆಳೆದದ್ದು ಮೈಸೂರಿನಲ್ಲಿ, ಹಿಂದೆ ಕನ್ಸರ್ವೆನ್ಸಿ ಇದ್ದ ಮನೆಯಲ್ಲಿ. ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಒಂದು ಕಿರಿದಾದ ಸಂದಿ ಇರುತ್ತದಲ್ಲ, ಅದು. ಬೆಂಗಳೂರಿನಲ್ಲಿ 1898ರ ಪ್ಲೇಗ್ ಆದ ಮೇಲೆ ಕಟ್ಟಿದ ಮಲ್ಲೇಶ್ವರ, ಬಸವನಗುಡಿಯಲ್ಲೂ ಇವೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಆಗ ಮಲ ಹೊರುವವರು ಮುಂದಿನ ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಬಂದು ಹೋಗಲಿ ಅಂತ ಬಿಟ್ಟ ದಾರಿ ಅದು.

"ಶುರುವಲ್ಲಿ ಪೊರಕೆ ಸದ್ದು ಬರುತ್ತಲ್ಲ" ಅಂದರು ಅಮ್ಮ. "ನಮಗೆ ಹಿತ್ತಲ ಕಡೆ ತಗಡಿನ ಬಾಗಿಲು ಎತ್ತೋ ಸದ್ದು. ಇನ್ನೂ ಕತ್ಲೆ ಇರೋದು. ಅದು ಕೇಳಿದ್ರೆ ಬೆಳಗಾಯ್ತು ಅಂತ. ನಮ್ಮಮ್ಮ ಎದ್ದು ಒಲೆ ಹಚ್ಚೋರು."

"ನೀವೂ ಏಳ್ತಿದ್ರಾ?"

"ಎಚ್ಚರ ಆಗೋದು. ಆದ್ರೆ ಹಿತ್ತಲಿಗೆ ಹೋಗೋ ಹಾಗಿರ್ಲಿಲ್ಲ. ಅವಳು ಮುಂದಿನ ಮನೆಗೆ ಹೋದ ಸದ್ದು ಕೇಳೋ ತನಕ ಒಳಗೇ ಕೂತಿರ್ಬೇಕಿತ್ತು, ಎಲ್ಲರೂ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು. "ನಮ್ಮನೆ ಆದ್ಮೇಲೆ ಇನ್ನೂ ಹದಿನಾರು ಮನೆ ಇತ್ತು ಆ ಸಾಲಲ್ಲಿ."